ಗುಜರಿ ಎನ್ನಲಾರದ ಬಾಯಿ

ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಾರೆ. ಅರಮನೆಯವನಿಗೆ ಬಾಯಿ ಬೇಕಾದಷ್ಟಿತ್ತು, ಬರ ಎಲ್ಲೂ ಇರಲಿಲ್ಲ, ಆದರೂ ಮನುಷ್ಯ ದಿವಾಳಿಯಾದ.

ಅವನದು ಹಳೇ ಮೇಜು ಕುರ್ಚಿ ಮಾರುವ ಅಂಗಡಿ. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ, ಸೈಕಲ್ ರಿಪೇರಿಯವನಿಗೂ ಗಾಜು ಕತ್ತರಿಸುವವನಿಗೂ ನಡುವೆ, ಬಾಗಿಲು ತೆರೆದರೆ ವಾರ್ನಿಶ್ ವಾಸನೆ ಮೂಗಿಗೆ ಹೊಡೆಯುವ ಉದ್ದನೆಯ ಕೋಣೆ. ಮೂರು ಕಾಲಿನ ಮೇಜು ಬಂದರೆ ಇನ್ನೊಂದು ಕಾಲು ಜೋಡಿಸಿ, ಉಜ್ಜಿ, ಬಣ್ಣ ಬಳಿದು, ಕೊನೆಗೆ ಅದಕ್ಕೊಂದು ಅರಮನೆ ಹುಡುಕುತ್ತಿದ್ದ.

"ಇದು ಅರಮನೆ ಮಾಲು ಸ್ವಾಮಿ. ದೊಡ್ಡ ರಾಣಿ ಇದರ ಮೇಲೆ ಮೊಣಕೈ ಊರಿಕೊಂಡೇ ಪತ್ರ ಬರೀತಿದ್ದಿದ್ದು. ಇಲ್ಲಿ ನೋಡಿ, ಸವೆದಿದೆ."

ನಡೆದು ಹೋಗುವಷ್ಟು ದೂರ ಹಾಗಿರಲಿ, ಬಸ್ಸು ಹತ್ತಿ ಹೋದರೂ ಆ ಸುತ್ತಿನಲ್ಲಿ ಒಂದು ಅರಮನೆ ಸಿಗುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಕೊಳ್ಳುವವರು ಸವೆದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಒಂದಿಷ್ಟು ಹೆಚ್ಚಿಗೇ ಕೊಟ್ಟು ಒಯ್ಯುತ್ತಿದ್ದರು. ಹೀಗೆ ಅವನಿಗೆ ಅರಮನೆಯವನು ಅಂತಲೇ ಹೆಸರು ಬಿತ್ತು.

ಅವನನ್ನು ಮೋಸಗಾರ ಅಂದರೆ ಪಾಪ ಬರುತ್ತದೆ. ಮೋಸಗಾರನಿಗೆ ತಾನು ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿರುತ್ತದೆ. ಇವನು ಒಂದು ಸಾರಿ ಹೇಳಿದ್ದನ್ನು ಎರಡನೇ ಸಾರಿ ಹೇಳುವ ಹೊತ್ತಿಗೆ ತಾನೇ ನಂಬಿಬಿಟ್ಟಿರುತ್ತಿದ್ದ. ಯಾವ ವಸ್ತುವನ್ನೇ ಆಗಲಿ ಕೀಳು ಮಾಡಿ ಮಾತಾಡುವುದು ಅವನ ಕೈಲಿ ಆಗುತ್ತಿರಲಿಲ್ಲ, ಅಷ್ಟೇ. ರಸ್ತೆಯಲ್ಲಿ ಚರಂಡಿ ಮುಚ್ಚಳ ಬದಲಾಯಿಸುವಾಗಲೂ ನಿಂತು ನೋಡಿ, "ಆಹಾ, ಎಂಥಾ ಎರಕ!" ಅಂದವನು ಅವನು.

ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳದು ಅಳೆದು ತೂಗಿದ ಮಾತು. ಮನೆಯ ಮುಂದಿನ ಕೋಣೆಯಲ್ಲಿ, ರೆಕ್ಸಿನ್ನಿನಂಥ ದಪ್ಪ ಬಟ್ಟೆ ಹೊಲಿಯುವ ಹಳೆಯ ದೊಡ್ಡ ಮಷೀನು ಇಟ್ಟುಕೊಂಡು, ಕಾರಿನ ಸೀಟಿಗೆ, ಸೋಫಾಕ್ಕೆ, ಕ್ಷೌರದಂಗಡಿಯ ಕುರ್ಚಿಗೆ ಕವರ್ ಹೊಲಿಯುತ್ತಿದ್ದಳು. ಅವಳ ಹೊಲಿಗೆ ದಾರ ಬಿಗಿದು ಎಳೆದ ಹಾಗೆ ನೇರ. ಅಂಗಡಿಯಿಂದ ಆ ಮನೆಗೆ ಮಾತು ಬರುತ್ತಿತ್ತು, ಊಟ ಬರುತ್ತಿದ್ದುದು ಮಷೀನಿನಿಂದ. ಗಂಡ, ಹೆಂಡತಿ, ಕಿವಿ ಮಂದವಾದ ಅತ್ತೆ, ಮೂರು ಹೊಟ್ಟೆಗೂ ಅದೇ ಗತಿ.

ಎಲ್ಲ ಹೇಗೋ ನಡೆಯುತ್ತಿತ್ತು, ಊರಿನ ಸಿನಿಮಾ ಟಾಕೀಸು ಮುಚ್ಚುವ ತನಕ. ಸೀಟುಗಳನ್ನೆಲ್ಲ ಮಾರುತ್ತಾರಂತೆ ಅಂತ ಸುದ್ದಿ ಬಂತು. ಅರಮನೆಯವನು ಒಂದೆರಡು ಸಾಲು ತರೋಣ ಅಂತ ಹೋದ. ಮಾರುವವನು ಬಾಯಿ ಬಿಡುವ ಮೊದಲೇ, ಕೊಳ್ಳಲು ಹೋದ ಇವನೇ ಸೀಟು ತಟ್ಟಿ ಹೊಗಳಲು ಶುರು ಮಾಡಿದ. ಇದರ ಸ್ಪ್ರಿಂಗ್ ಏನು, ಕಬ್ಬಿಣ ಏನು, ಕೆಂಪು ಮಖಮಲ್ಲು ಏನು! ತನ್ನ ಮಾಲು ಇಂಥಾದ್ದು ಅಂತ ಮಾರುವವನಿಗೆ ಆಗಲೇ ತಿಳಿದದ್ದು. ಬೆಲೆ ಎರಡು ಪಟ್ಟು ಹೇಳಿದ. ತನ್ನ ಮಾತು ಕೇಳಿ ತಾನೇ ಮರುಳಾಗಿದ್ದ ಅರಮನೆಯವನು, ಸಾಲ ಮಾಡಿ ಇಡೀ ಟಾಕೀಸಿನ ಸೀಟುಗಳನ್ನು ಕೊಂಡು ತಂದ.

ಆ ಸೀಟುಗಳೋ, ನಾಲ್ಕು ನಾಲ್ಕಾಗಿ ಒಂದೇ ಕಬ್ಬಿಣದ ಪಟ್ಟಿಗೆ ಬೆಸೆದಂಥವು. ಬಿಡಿಸಿದರೆ ಒಂದೂ ನಿಲ್ಲುವುದಿಲ್ಲ. ನೆಲಕ್ಕೆ ಬೋಲ್ಟ್ ಹಾಕದೆ ತುದಿಯಲ್ಲಿ ಒಬ್ಬರೇ ಕೂತರೆ ಇನ್ನೊಂದು ತುದಿ ಮೇಲೇಳುತ್ತದೆ. ನಾಲ್ಕು ಜನ ಒಟ್ಟಿಗೆ ಕೂತು ಒಟ್ಟಿಗೆ ಏಳುವಷ್ಟು ಒಗ್ಗಟ್ಟಿನ ಸಂಸಾರ ಯಾವ ಊರಲ್ಲಿದೆ? ಒಂದು ಸಾಲೂ ಮಾರಾಟವಾಗಲಿಲ್ಲ. ಅಂಗಡಿ ತುಂಬಿ ಮಿಕ್ಕ ಒಂದು ಸಾಲು ಮನೆಗೂ ಬಂತು. ಅವನ ತಾಯಿ ಮಾತ್ರ ಖುಷಿಯಾಗಿ ಮೆತ್ತನೆಯ ಸೀಟಿನಲ್ಲಿ ಕೂತು, ಎದುರಿನ ಖಾಲಿ ಗೋಡೆಯನ್ನೇ ನೋಡುತ್ತಾ, ಆಗಾಗ ನಗುತ್ತಿದ್ದಳು.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಕಾಲ ಹೋಯಿತು. ಸಾಲ ಕೊಟ್ಟವರು ಬಾಗಿಲಿಗೆ ಬಂದು ಕೂತರು. ಆಗ ಹೆಂಡತಿಯ ತಮ್ಮ, ಲಾಯರು, ಬಂದ. ಸದಾ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವನು ಅವತ್ತು ನೇರವಾಗಿ ಹೇಳಿದ.

"ಭಾವ, ದಿವಾಳಿ ಅರ್ಜಿ ಹಾಕ್ಬಿಡಿ. ಅಂಗಡಿ ಹೋಗುತ್ತೆ, ಸೀಟುಗಳೂ ಹೋಗ್ತವೆ. ಆದ್ರೆ ಕಾನೂನು ಮನುಷ್ಯನ್ನ ಬೀದಿಗೆ ಹಾಕಲ್ಲ. ಉಡೋ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಮನೇಲಿರೋ ತಲೆಗೊಂದರಂತೆ ಕೂರೋಕೆ ಜಾಗ, ಇದನ್ನ ಯಾರೂ ಮುಟ್ಟೋ ಹಾಗಿಲ್ಲ. ದುಡಿದು ತಿನ್ನೋ ಸಲಕರಣೆನೂ ಮುಟ್ಟೋ ಹಾಗಿಲ್ಲ."

"ನನ್ನ ಮಷೀನು?" ಅಂದಳು ಅಕ್ಕ.

"ಸಾಲಕ್ಕೆ ನೀನೂ ಸಹಿ ಹಾಕಿದ್ದೀಯಲ್ಲ ಅಕ್ಕ, ಅದೂ ಲೆಕ್ಕಕ್ಕೆ ಬರುತ್ತೆ. ಆದ್ರೆ ಸಲಕರಣೆ ಅಂತ ಉಳ್ಕೊಳುತ್ತೆ. ಒಂದೇ ಷರತ್ತು, ಬೆಲೆ ಮೂವತ್ತು ಸಾವಿರ ದಾಟಬಾರ್ದು. ದಾಟಿದ್ರೆ ಹರಾಜು ಹಾಕಿ, ನಿನ್ನ ಕೈಗೆ ಮೂವತ್ತು ಇಟ್ಟು, ಮಿಕ್ಕಿದ್ದು ಸಾಲ ಕೊಟ್ಟೋರಿಗೆ."

"ಮೂವತ್ತಕ್ಕೆ ಇನ್ನೊಂದು ಇಂಥ ಮಷೀನು ಸಿಗುತ್ತೇನೋ?"

"ಅದರ ಚಕ್ರನೂ ಸಿಗಲ್ಲ. ಆದ್ರೆ ಹೆದರಬೇಡ. ಬೆಲೆ ಕಟ್ಟೋಕೆ ಒಬ್ಬರು ಬರ್ತಾರೆ, ಹಳೇದು, ಗುಜರಿ ಅಂತ ಅವರೇ ಬರ್ಕೊಂಡು ಹೋಗ್ತಾರೆ. ಭಾವ ಬಾಯಿ ಮುಚ್ಕೊಂಡಿದ್ರೆ ಸಾಕು."

ಎಲ್ಲರೂ ಅರಮನೆಯವನ ಕಡೆ ತಿರುಗಿದರು. ಏನೂ ಕೇಳಿಸದ ತಾಯಿ ಕೂಡ ತಿರುಗಿದಳು.

ಆ ಭಾನುವಾರ ಮಧ್ಯಾಹ್ನ ಅಕ್ಕ ತಮ್ಮ ಸೇರಿ ಅವನಿಗೆ ಪಾಠ ಶುರು ಮಾಡಿದರು. ಅಪ್ಪಿತಪ್ಪಿ ಬಾಯಿ ಬಿಡಬೇಕಾಗಿ ಬಂದರೆ ಒಂದಾದರೂ ವಸ್ತುವನ್ನು ತೆಗಳಲು ಬರಬೇಕಲ್ಲ. ಹೆಂಡತಿ ಅಡುಗೆಮನೆಯಿಂದ ಒಂದು ಸೌಟು ತಂದು ಮುಂದೆ ಹಿಡಿದಳು.

"ಇದು ಹೇಗಿದೆ ಹೇಳಿ."

"ಸೊಟ್ಟಗಾಗಿದೆ."

"ಹಾಂ, ಹಾಗೆ. ಇನ್ನೂ ಹೇಳಿ."

"ಸೊಟ್ಟಗಾಗಿದೆ, ಅದಕ್ಕೇ ಪಾತ್ರೆ ಮೂಲೆಮೂಲೇನೂ ಮುಟ್ಟುತ್ತೆ. ಇಂಥ ಸೊಟ್ಟ ಈಗ ಯಾವ ಕಾರ್ಖಾನೇಲಿ ಬರುತ್ತೆ ಹೇಳೇ ನೋಡೋಣ?"

ತಳವಿಲ್ಲದ ಬಕೆಟ್ಟು ತೋರಿಸಿದರು. ತಳ ಇಲ್ಲ ಅಂತ ಒಪ್ಪಿಕೊಂಡ. ಆದರೆ ಹಿಡಿ ಇದೆಯಲ್ಲ, ಆ ಹಿಡಿ ಕೈಗೆ ಕೂರುವ ಸುಖವೇ ಬೇರೆ ಅಂದ. ಲಾಯರು ಎದ್ದು ನಿಂತು, "ಅಕ್ಕ, ಇದು ಆಗೋ ಹೋಗೋ ಮಾತಲ್ಲ. ಹಲ್ಲು ಕೀಳಿಸಿದಾರೆ, ಮಾತಾಡೋ ಹಾಗಿಲ್ಲ ಅಂತ ಹೇಳಿ ಬಾಯಿಗೆ ಹತ್ತಿ ತುಂಬಿಬಿಡು" ಅಂತ ತೀರ್ಪು ಕೊಟ್ಟು ಹೋದ.

ಬೆಲೆ ಕಟ್ಟುವ ಮೇಡಂ ಬಂದಾಗ ಅರಮನೆಯವನ ಎರಡೂ ಕೆನ್ನೆಗಳು ಊದಿಕೊಂಡಿದ್ದವು. ಮೇಡಂ ನಗುವವಳಲ್ಲ, ಬೈಯುವವಳೂ ಅಲ್ಲ. ಪೆನ್ನಿನ ತುದಿಯಿಂದ ಒಂದೊಂದನ್ನೇ ತಟ್ಟುವುದು, ಚಿಂದಿ ಅನ್ನುವುದು, ಸೊನ್ನೆ ಬರೆಯುವುದು. ಹಾಸಿಗೆ, ಚಿಂದಿ. ಬೀರು, ಸೌದೆ. ಒಂದೊಂದಕ್ಕೂ ಅರಮನೆಯವನು ಹತ್ತಿಯೊಳಗಿಂದಲೇ ನರಳಿದ.

"ಪಾಪ, ತುಂಬಾ ನೋವಾ?" ಅಂತ ಮೇಡಂ ಕೇಳಿದಳು.

"ತುಂಬಾ," ಅಂದಳು ಹೆಂಡತಿ.

ಸಿನಿಮಾ ಸೀಟಿನ ಹತ್ತಿರ ಮೇಡಂಗೂ ಕಷ್ಟ ಬಂತು. ಮನೆಯಲ್ಲಿ ಇರುವವರು ಮೂವರು, ಸಾಲಿನಲ್ಲಿ ಇರುವುದು ನಾಲ್ಕು. ಮೂರು ಸೀಟು ಕಾನೂನಿನ ಪ್ರಕಾರ ಇವರದು. ನಾಲ್ಕನೆಯದು ಸಾಲ ಕೊಟ್ಟವರದು. ಕತ್ತರಿಸಿದರೆ ನಾಲ್ಕೂ ಬೀಳುತ್ತವೆ. ಅವಳು ತುಂಬಾ ಹೊತ್ತು ಯೋಚಿಸಿ, ನಾಲ್ಕನೇ ಸೀಟನ್ನು ಮಡಚಿ, ಅದಕ್ಕೊಂದು ಪಟ್ಟಿ ಅಂಟಿಸಿ ಮೊಹರು ಒತ್ತಿದಳು. "ಇಲ್ಲಿ ಯಾರೂ ಕೂರಬಾರ್ದು. ಧೂಳು ಒರೆಸಬಹುದು," ಅಂದಳು. ಅಷ್ಟರಲ್ಲಿ ಒಳಗೆ ಬಂದ ಲಾಯರು ತಮ್ಮ ಕೂರಲು ಜಾಗವಿಲ್ಲದೆ ನಿಂತೇ ಇದ್ದ.

ಕೊನೆಗೆ ಮಷೀನು. ಮೇಡಂ ಚಕ್ರವನ್ನೊಮ್ಮೆ ತಿರುಗಿಸಿ, ಬೆರಳಿಗೆ ಮೆತ್ತಿದ ಎಣ್ಣೆಯನ್ನು ನೋಡಿ ಮೂಗು ಮುರಿದಳು. "ಗುಜರಿ. ತೂಕಕ್ಕೆ ಹಾಕಿದ್ರೆ ಎರಡು ಸಾವಿರ ಬಂದೀತು. ಇಟ್ಕೊಳಿ, ನಿಮ್ಮದೇ."

ಹೆಂಡತಿ ಹಿಡಿದುಕೊಂಡಿದ್ದ ಉಸಿರು ಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾ, ಸುಮ್ಮನೆ ಮಾತಿಗೆ ಅಂತ, "ಇದರಲ್ಲಿ ಏನು ಹೊಲಿಯೋಕಾಗುತ್ತೆ, ಗೋಣಿಚೀಲ ಇರಬೇಕು" ಅಂದಳು.

ಅರಮನೆಯವನು ಅಂಗೈಗೆ ಹತ್ತಿ ಉಗುಳಿದ.

"ಗೋಣಿಚೀಲಾನಾ? ಮೇಡಂ, ಹಾಗನ್ಬೇಡಿ. ಇವಳು ಹೊಲಿದ ಒಂದು ಸೀಟು ನೋಡಿದ್ದೀರಾ ನೀವು? ಇದು ಅರಮನೆ ಕುದುರೆಗಳ ಜೀನು ಹೊಲಿದ ಮಷೀನು! ಎಂಟು ಪದರ ಚರ್ಮ ಕೊಡಿ, ಬೆಣ್ಣೇಲಿ ಹೋದ ಹಾಗೆ ಸೂಜಿ ಹೋಗುತ್ತೆ. ಎಂಬತ್ತು ಸಾವಿರಕ್ಕೆ ಒಬ್ರು ಕೇಳಿದ್ರು, ಬಾಗಿಲು ತೋರಿಸಿ ಕಳಿಸ್ದೆ!"

ಯಾರೂ ಕೇಳಿರಲಿಲ್ಲ. ಹೆಂಡತಿಯ ಕೆಲಸವನ್ನು ಕಣ್ಣೆದುರಿಗೇ ಗೋಣಿಚೀಲ ಅಂದದ್ದು ಅವನಿಗೆ ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿದ್ದ ಪ್ರೀತಿ ಬಾಯಿಗೆ ಬರುವ ಹೊತ್ತಿಗೆ ವ್ಯಾಪಾರವಾಗಿಬಿಡುತ್ತಿತ್ತು, ಅದು ಅವನ ಹಣೆಬರಹ. ಮೇಡಂ ಮುಚ್ಚಳ ತೆಗೆದು, ಎರಡು ಸಾವಿರ ಹೊಡೆದುಹಾಕಿ ಎಂಬತ್ತು ಸಾವಿರ ಬರೆದಳು. "ಮಾಲೀಕರೇ ಹೇಳಿದ ಮೇಲೆ ನಾನೇನು ಮಾಡೋಕಾಗುತ್ತೆ?" ಅಂದಳು. ಅವಳ ಮುಖದಲ್ಲೂ ಬೇಜಾರಿತ್ತು.

"ಹಲ್ಲು ಕೀಳಿಸಿದ್ದು ಅಂತ ಸುಳ್ಳು ಹೇಳಿದ್ವಿ," ಅಂದಳು ಹೆಂಡತಿ, ಮೇಡಂ ಹೋದ ಮೇಲೆ. "ನಿಜವಾಗ್ಲೂ ನಾಲಿಗೆ ಕೀಳಿಸಬೇಕಿತ್ತು." ಆಮೇಲೆ ಅವಳು ಅವನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ಅತ್ತೆಗೆ ಹೇಳುತ್ತಿದ್ದಳು. ಅತ್ತೆಗೆ ಕೇಳಿಸುತ್ತಿರಲಿಲ್ಲವಾಗಿ ಕೂಗಿ ಹೇಳುತ್ತಿದ್ದಳು, ಹಾಗಾಗಿ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಲಾಯರು ತಲೆ ಕೆರೆದುಕೊಂಡು ತಕರಾರು ಅರ್ಜಿ ಹಾಕಿದ. "ಒಂದೇ ದಾರಿ ಭಾವ. ನಿಮ್ಮ ಮಾತಿಗೆ ಕಿಮ್ಮತ್ತಿಲ್ಲ, ನೀವು ಹೇಳೋ ಬೆಲೆಯೆಲ್ಲ ಬೊಗಳೆ ಅಂತ ಸಾಬೀತು ಮಾಡ್ಬೇಕು. ನಿಮ್ಮ ಹತ್ರ ಅರಮನೆ ಸಾಮಾನು ಕೊಂಡೋರು ಬಂದು, ಇವನು ಸುಳ್ಳುಗಾರ ಅಂತ ಸಾಕ್ಷಿ ಹೇಳಲಿ."

ಅರಮನೆಯವನು ಮನೆಮನೆಗೆ ಹೋಗಿ, ದಯವಿಟ್ಟು ಬಂದು ನನ್ನನ್ನು ಸುಳ್ಳುಗಾರ ಅನ್ನಿ ಅಂತ ಕೈಮುಗಿದ. ಎಲ್ಲರೂ ಚಹಾ ಕೊಟ್ಟು, "ಅಯ್ಯೋ, ಅಷ್ಟೂ ಮಾಡಲ್ವಾ ನಿಮಗೋಸ್ಕರ" ಅಂದರು. ವಿಚಾರಣೆಯ ದಿನ ದಿವಾಳಿ ಕಚೇರಿಯ ಕೋಣೆ ಕಿಕ್ಕಿರಿದಿತ್ತು. ಕೈಗಾಡಿಯಲ್ಲಿ ತಂದ ಮಷೀನು ಮಧ್ಯದಲ್ಲಿ ನಿಂತಿತ್ತು.

ಮೊದಲು ಎದ್ದವರು ನಿವೃತ್ತ ಹೆಡ್‌ಮಾಸ್ತರು. "ಇವರು ನಿಮಗೆ ಸುಳ್ಳು ಹೇಳಿ ಮೇಜು ಮಾರಿದ್ರಾ?" ಅಂತ ವಿಚಾರಣೆಯ ಅಧಿಕಾರಿ ಕೇಳಿದರು. ಹೆಡ್‌ಮಾಸ್ತರು ಹಿಂದೆ ತಿರುಗಿ ನೋಡಿದರು. ಅಲ್ಲಿ ಅವರ ಬೀಗರು ಕೂತಿದ್ದರು. ಮಗಳ ಮದುವೆ ಮಾತುಕತೆ ನಡೆದದ್ದೇ ಆ ರಾಣಿಯ ಮೇಜಿನ ಮುಂದೆ.

"ಸುಳ್ಳಾ? ಎಲ್ಲಾದ್ರೂ ಉಂಟೇ! ಅದು ಅರಮನೆ ಮೇಜೇ ಸಾರ್. ಮೊಣಕೈ ಗುರುತಿದೆ."

ಲಾಯರು ಬೆವರು ಒರೆಸಿಕೊಂಡು ಕ್ಷೌರಿಕನನ್ನು ಕರೆದ. "ನನ್ನದು ಮಂತ್ರಿ ಕೂತ ಕುರ್ಚಿ ಸಾರ್," ಅಂದ ಕ್ಷೌರಿಕ. "ಅದಕ್ಕೇ ಜನ ಬರ್ತಾರೆ, ಅದಕ್ಕೇ ನಾನು ಹತ್ತು ಜಾಸ್ತಿ ತಗೊಳ್ಳೋದು. ಸುಳ್ಳು ಅಂತ ಹೇಳಿ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಲಾ?" ಆಮೇಲೆ ಬಂದ ದಾದಿ ಕಣ್ಣೀರೇ ಹಾಕಿದಳು. ಅರಮನೆಯ ತೊಟ್ಟಿಲಲ್ಲಿ ಮಗು ಮಲಗಿಸಿದ್ದೀನಿ, ಈ ಅಣ್ಣನ ಬಾಯಲ್ಲಿ ಒಂದು ಸುಳ್ಳು ಬಂದದ್ದು ಗೊತ್ತಿಲ್ಲ ಅಂದಳು.

"ಹೇಳಿದ್ದೀನಮ್ಮಾ!" ಅಂತ ಅರಮನೆಯವನು ಎದ್ದು ನಿಂತು ಕೂಗಿದ. "ಆ ತೊಟ್ಟಿಲು ಬಸ್ ಡಿಪೋದ ಹಿಂದೆ ಬಿದ್ದಿತ್ತು! ನಾನು ಸುಳ್ಳುಗಾರ ಸಾರ್!"

"ನೀವು ಕೂತ್ಕೊಳಿ," ಅಂದರು ಅಧಿಕಾರಿ. "ಇಷ್ಟು ಜನ ಮರ್ಯಾದಸ್ಥರು ನಿಮ್ಮನ್ನ ಸತ್ಯವಂತರು ಅಂತಿದ್ದಾರೆ. ಅಲ್ಲ ಅನ್ನೋರು ನೀವೊಬ್ಬರೇ. ಯಾರನ್ನ ನಂಬಲಿ?"

ಸಾಕ್ಷಿಗಳೆಲ್ಲ ಮುಗಿಯುವ ಹೊತ್ತಿಗೆ ಅರಮನೆಯವನಷ್ಟು ಸತ್ಯವಂತ ಆ ಕೋಣೆಯಲ್ಲಿ ಇನ್ನೊಬ್ಬನಿರಲಿಲ್ಲ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಇರಲಿ, ಮಷೀನು ಇಲ್ಲೇ ಇದೆ, ಹೊಲಿಯೋರೂ ಇಲ್ಲೇ ಇದ್ದಾರೆ. ಒಂದು ಹೊಲಿಗೆ ಹಾಕಿ ತೋರಿಸಲಿ" ಅಂದರು.

ಹೆಂಡತಿ ಹೋಗಿ ಕೂತಳು. ಎರಡು ಪದರ ರೆಕ್ಸಿನ್ ಮಡಚಿ ಸೂಜಿಯ ಕೆಳಗೆ ಇಟ್ಟಳು. ನೆಟ್ಟಗೆ ಹೊಲಿದರೆ ಮಷೀನು ಹೋಗುತ್ತದೆ. ಸುತ್ತ ಕೂತವರಲ್ಲಿ ಅರ್ಧಕ್ಕರ್ಧ ಅವಳ ಗಿರಾಕಿಗಳೇ. ಕ್ಷೌರಿಕನ ಕುರ್ಚಿಯ ಕವರು ಅವಳದು, ಟ್ಯಾಕ್ಸಿಯವನ ಸೀಟುಗಳು ಅವಳವು. ಅವಳ ಕೈಗೆ ಸೊಟ್ಟ ಹೊಲಿದು ಗೊತ್ತೇ ಇರಲಿಲ್ಲ. ಬಟ್ಟೆ ತನ್ನಷ್ಟಕ್ಕೆ ನೇರ ಹೋಗುತ್ತಿತ್ತು, ಅದನ್ನು ಹಿಡಿದು ಎಳೆದು, ಜಗ್ಗಿ, ದಾರಿ ತಪ್ಪಿಸಬೇಕಾಯಿತು. ಹೊಲಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಲೆದು, ಮಧ್ಯದಲ್ಲೊಂದು ಗಂಟು ಹಾಕಿಕೊಂಡು, ಅಂಚಿನಿಂದ ಹೊರಗೆ ಬಿತ್ತು. ಹಿಂದಿನಿಂದ ಯಾರೋ ಲೊಚಗುಟ್ಟಿದರು. ಅವಳು ತಲೆ ಎತ್ತಲಿಲ್ಲ. ಕಿವಿಯ ತನಕ ಕೆಂಪಾಗಿದ್ದಳು.

ಅಧಿಕಾರಿ ರೆಕ್ಸಿನ್ ಎತ್ತಿ ಹಿಡಿದು ನೋಡಿ, ಅರಮನೆಯವನ ಕಡೆ ತಿರುಗಿದರು. "ನೀವು ಸತ್ಯವಂತರು ಅಂತ ಈಗ ತೀರ್ಮಾನ ಆಗಿದೆ. ನೀವೇ ಹೇಳಿ. ಇವರು ಬೇಕಂತ ಹೀಗೆ ಹೊಲಿದ್ರಾ? ಇಲ್ಲ, ಇದರಲ್ಲಿ ಬರೋದೇ ಹೀಗಾ?"

ಅರಮನೆಯವನು ಎದ್ದು ನಿಂತ. ಹುಟ್ಟಿದಾಗಿನಿಂದ ಅವನ ಬಾಯಿ ನಡೆದ ದಾರಿ ಒಂದೇ, ಮೇಲಕ್ಕೆ. ಅವನು ಹೆಂಡತಿಯ ಬಗ್ಗಿದ ತಲೆಯನ್ನು ನೋಡಿದ.

"ಇದರಲ್ಲಿ ಬರೋದೇ ಹೀಗೆ ಸಾರ್. ಯಾವತ್ತೂ ನೆಟ್ಟಗೆ ಬಂದಿಲ್ಲ. ಗುಜರಿ."

"ಹಾಗಾದ್ರೆ ನನ್ನ ಟ್ಯಾಕ್ಸಿಗೆ ಹಾಕಿದ್ದು?" ಅಂತ ಟ್ಯಾಕ್ಸಿಯವನು ಕೂತಲ್ಲಿಂದಲೇ ಕೇಳಿದ.

"ಅದೂ ಸೊಟ್ಟಾನೇ," ಅಂದ ಅರಮನೆಯವನು. ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಅಳು ಬಂದುಬಿಟ್ಟಿತು. ಅಷ್ಟು ಪಶ್ಚಾತ್ತಾಪ ಪಡುವವನು ನಿಜವನ್ನೇ ಹೇಳುತ್ತಾನೆ ಅಂತ ಅಧಿಕಾರಿಗೆ ಖಾತ್ರಿಯಾಯಿತು. ಮಷೀನಿನ ಬೆಲೆ ಎರಡು ಸಾವಿರ, ಯಾರೂ ಮುಟ್ಟುವಂತಿಲ್ಲ ಅಂತ ಬರೆದು ಸಹಿ ಹಾಕಿದರು.

ಮಷೀನು ಅದೇ ಕೈಗಾಡಿಯಲ್ಲಿ ಮನೆಗೆ ಬಂತು. ಕೆಲಸ ಬರಲಿಲ್ಲ. ಇಷ್ಟು ವರ್ಷ ಕಣ್ಣಿಗಿಂತ ಅವನ ಮಾತನ್ನೇ ನಂಬಿ ರೂಢಿಯಾದ ಜನ. ಮನೆಗೆ ಹೋಗಿ ತಮ್ಮ ತಮ್ಮ ಸೀಟುಗಳನ್ನು ನೋಡಿಕೊಂಡರು. ಗೆರೆ ಎಳೆದ ಹಾಗಿದ್ದ ಹೊಲಿಗೆಗಳು ಎಲ್ಲರಿಗೂ ಸೊಟ್ಟ ಕಂಡವು. ಕ್ಷೌರಿಕ, ಮಂತ್ರಿ ಕೂತ ಕುರ್ಚಿಗೆ ಇಂಥ ಕವರಾ ಅಂತ ಕಿತ್ತುಹಾಕಿದನಂತೆ. ಹೆಡ್‌ಮಾಸ್ತರು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ತರಿಸಿಕೊಂಡರು.

"ಇನ್ನೊಂದು ವರ್ಷ ಭಾವ," ಅಂದ ಲಾಯರು. "ಕೊನೇ ಆದೇಶ ಬರೋ ತನಕ ಯಾರಾದ್ರೂ ಮಷೀನು ಚೆನ್ನಾಗಿದೆ ಅಂತ ದೂರು ಕೊಟ್ರೆ ಕೇಸು ಮತ್ತೆ ತೆರೀತಾರೆ. ಅಲ್ಲೀವರೆಗೆ ಅಕ್ಕನ ಹೊಲಿಗೆ ಬಗ್ಗೆ ಒಂದೇ ಒಂದು ಒಳ್ಳೇ ಮಾತು ನಿಮ್ಮ ಬಾಯಿಂದ ಬರಕೂಡದು."

ಒಂದು ಬೆಳಿಗ್ಗೆ ಟ್ಯಾಕ್ಸಿಯವನು ಸೀಟಿನ ಕವರ್ ಬಿಚ್ಚಿ ಸುತ್ತಿಕೊಂಡು ಬಂದ. ಅವನದೇನೂ ಜಗಳವಿರಲಿಲ್ಲ. ಬೇರೆ ಕಡೆ ಕೊಟ್ಟರೆ ದುಬಾರಿ, ಇಲ್ಲೇ ಬಿಚ್ಚಿ ಇನ್ನೊಂದು ಸಾರಿ ಹೊಲಿದುಕೊಡಲಿ, ಪುಕ್ಕಟೆಯಾಗಿ, ಆದಷ್ಟು ನೆಟ್ಟಗೆ ಅಂದ. ಅರಮನೆಯವನು ಬಾಗಿಲಲ್ಲೇ ಕವರ್ ಬಿಡಿಸಿ ನೋಡಿದ. ಒಂದೇ ಅಳತೆಯ ಹೊಲಿಗೆ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಎಲ್ಲೂ ಒಂದು ಎಳೆ ಆಚೀಚೆ ಇರಲಿಲ್ಲ.

"ಸೊಟ್ಟ ಅಲ್ವಾ?" ಅಂದ ಟ್ಯಾಕ್ಸಿಯವನು.

"ಸೊಟ್ಟ," ಅಂದ ಅರಮನೆಯವನು. "ತುಂಬಾನೇ ಸೊಟ್ಟ. ಕೊಡಿ, ಹೊಲಿದುಕೊಡ್ತಾಳೆ."

ಒಳಗೆ ಹೋಗಿ ಕವರನ್ನು ಮಷೀನಿನ ಮೇಲಿಟ್ಟ. ಹೆಂಡತಿ ತನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಕಿವಿಯ ಹತ್ತಿರ ಬಾಯಿ ತಂದ.

"ನೆಟ್ಟಗಿದೆ ಕಣೇ," ಅಂದ.

"ಮೆಲ್ಲಗೆ," ಅಂದಳು ಅವಳು, ಎಷ್ಟೋ ವಾರದ ಮೇಲೆ ಅವನಿಗೇ ನೇರವಾಗಿ. "ಅವನಿನ್ನೂ ಬಾಗಿಲಲ್ಲೇ ಇದ್ದಾನೆ." ಕತ್ತರಿಯ ತುದಿಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿ, ಬಿಚ್ಚಲು ಶುರು ಮಾಡಿದಳು.